ಓದುಗರ ಪ್ರಶ್ನೆ: ಬ್ರಾಮ್ಸ್ ಒಂದು ಸಿಂಫನಿಗೆ ಅಷ್ಟು ವರ್ಷ ಯಾಕೆ ತಗೊಂಡ್ರು?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಜರ್ಮನ್ ಸಂಗೀತಕಾರ ಯೋಹಾನೆಸ್ ಬ್ರಾಮ್ಸ್ ಬಗ್ಗೆನೇ ಇವೆ, ಹಾಗಾಗಿ ಉಳಿದ ವಿಷಯಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇಡೀ ಅಂಕಣ ಅವರಿಗೇ ಕೊಟ್ಟಿದೀನಿ. ಒಂದೇ ತರ ಇದ್ದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ.

ಪ್ರಶ್ನೆ: ಬ್ರಾಮ್ಸ್ ತೀರಾ ಬಡವರ ಮನೆ ಹುಡುಗ, ಚಿಕ್ಕ ವಯಸ್ಸಲ್ಲೇ ಹಡಗಿನವರು ಬರೋ ಹೆಂಡದಂಗಡಿಗಳಲ್ಲಿ ಪಿಯಾನೋ ನುಡಿಸಿ ದುಡೀತಿದ್ರು ಅಂತ ಓದಿದೀನಿ, ನಿಜಾನಾ ಸರ್?

ಬಡತನ ಇತ್ತು, ಆದ್ರೆ ತೀರಾ ಊಟಕ್ಕಿಲ್ಲದ ಬಡತನ ಅಲ್ಲ. ಹುಟ್ಟಿದ್ದು 1833ರ ಮೇ 7, ಹ್ಯಾಂಬರ್ಗ್ ಬಂದರಿನ ಊರು, ಇಕ್ಕಟ್ಟಾದ ಓಣಿಗಳಿರೋ ಗೆಂಗೆವೀರ್ಟೆಲ್ ಅನ್ನೋ ಕಡೆ. ಅಪ್ಪ ಯೋಹಾನ್ ಯಾಕೋಬ್ ಹಾರ್ನು, ಡಬಲ್ ಬಾಸ್ ಎಲ್ಲ ನುಡಿಸ್ಕೊಂಡು ಸಂಸಾರ ನಡೆಸ್ತಿದ್ದ ಮನುಷ್ಯ, ಅಮ್ಮ ಹೊಲಿಗೆ ಕೆಲಸ ಮಾಡ್ತಿದ್ರು, ಗಂಡನಿಗಿಂತ 17 ವರ್ಷ ದೊಡ್ಡವರು. ಇಂಥ ಮನೇಲೂ ಮಗನಿಗೆ 7ನೇ ವಯಸ್ಸಿಗೆ ಪಿಯಾನೋ ಪಾಠಕ್ಕೆ ಹಾಕಿದ್ರು ಅನ್ನೋದನ್ನ ಗಮನಿಸಿ. ಮೊದಲ ಗುರು ಓಟ್ಟೋ ಕೊಸೆಲ್. ಹುಡುಗ 10 ವರ್ಷದವನಿದ್ದಾಗ ಅವನು ನುಡಿಸಿದ್ದು ಕೇಳಿ ಯಾರೋ ಏಜೆಂಟ್ ಬಂದು ಅಮೆರಿಕಾ ಟೂರ್ ಮಾಡಿಸ್ತೀನಿ ಒಳ್ಳೆ ದುಡ್ಡು ಬರುತ್ತೆ ಅಂದ, ಮನೆಯವರೂ ಆಸೆಪಟ್ರು, ಕೊಸೆಲ್ ಮಾತ್ರ ಹಠ ಹಿಡಿದು ಬೇಡ ಅಂತ ತಡೆದು, ತನಗಿಂತ ದೊಡ್ಡ ಗುರು ಎಡ್ವರ್ಡ್ ಮಾರ್ಕ್ಸೆನ್ ಹತ್ರ ಕರ್ಕೊಂಡು ಹೋಗಿ ಬಿಟ್ರು. ಶಿಷ್ಯನ್ನ ಬಿಟ್ಕೊಡೋ ದೊಡ್ಡ ಮನಸ್ಸು ಎಲ್ಲ ಮೇಷ್ಟ್ರಿಗೂ ಇರಲ್ಲ. ಆ ಮಾರ್ಕ್ಸೆನ್ ಹಿಂದಿನ ಕಾಲದ ದೊಡ್ಡ ಜರ್ಮನ್ ಸಂಗೀತಕಾರರಾದ ಬಾಖ್, ಬೀಥೋವನ್ ಮೇಲೆ ಬುನಾದಿ ಹಾಕಿಸಿದ್ರು, ಎಷ್ಟೋ ವರ್ಷ ಆದ್ಮೇಲೆ ಬ್ರಾಮ್ಸ್ ತಮ್ಮ ಎರಡನೇ ಪಿಯಾನೋ ಕಂಚೆರ್ಟೋನ (ವಾದ್ಯವೃಂದದ ಜೊತೆ ಒಬ್ಬರು ಪ್ರಧಾನವಾಗಿ ನುಡಿಸೋ ಕೃತಿ) ಇವರಿಗೇ ಅರ್ಪಿಸಿದ್ರು.

ಹೆಂಡದಂಗಡಿ ಕಥೆಗೆ ಬರೋಣ. ಇದನ್ನ ಬ್ರಾಮ್ಸ್ ಅವರೇ ವಯಸ್ಸಾದ ಮೇಲೆ ಕೆಲವರ ಹತ್ರ ಹೇಳಿದ್ರು ಅಂತ ಹೇಳೋರಿದಾರೆ, ಹಾಗಾಗಿ ಹಳೇ ಜೀವನಚರಿತ್ರೆಗಳಲ್ಲೆಲ್ಲ ಇದೆ. ಆದ್ರೆ ಹ್ಯಾಂಬರ್ಗಿನ ದಾಖಲೆಗಳನ್ನ ನೋಡಿದ ಇತ್ತೀಚಿನ ವಿದ್ವಾಂಸರಲ್ಲಿ ಕೆಲವರು ಇದನ್ನ ಒಪ್ಪಲ್ಲ, ಮನೆಯವರು ಅಷ್ಟು ಜೋಪಾನವಾಗಿ ಓದಿಸಿದ ಹುಡುಗನ್ನ ಅಂಥ ಜಾಗಕ್ಕೆ ಕಳಿಸಿರೋದು ಕಷ್ಟ ಅಂತಾರೆ. ನನಗೂ ಎರಡನೇದೇ ಸರಿ ಅನ್ಸುತ್ತೆ. ಸ್ವಲ್ಪ ದೊಡ್ಡವರಾದ ಮೇಲೆ ಕುಣಿತದ ಕಡೆ, ಹೋಟೆಲ್ಲು ಅಂತ ನುಡಿಸಿದ್ದು, ಪಾಠ ಹೇಳಿಕೊಟ್ಟು ದುಡಿದಿದ್ದು ನಿಜ.

ಪ್ರಶ್ನೆ: ಶೂಮನ್ ಒಂದೇ ಲೇಖನ ಬರೆದು ಬ್ರಾಮ್ಸ್‌ನ ರಾತ್ರೋರಾತ್ರಿ ಫೇಮಸ್ ಮಾಡಿದ್ರಂತೆ. ಅದು ಒಳ್ಳೇದಾಯ್ತಾ ಕೆಟ್ಟದಾಯ್ತಾ?

ಎರಡೂ ಆಯ್ತು ಅಂತ ಹೇಳ್ಬೇಕು. 1853ರಲ್ಲಿ, 20 ತುಂಬೋ ಹೊತ್ತಿಗೆ, ಬ್ರಾಮ್ಸ್ ಹಂಗೇರಿಯ ವಯೊಲಿನ್ ವಾದಕ ಎಡ್ವರ್ಡ್ ರೆಮೆನ್ಯಿ ಜೊತೆ ಊರೂರು ಕಚೇರಿ ಮಾಡ್ಕೊಂಡು ಹೊರಟ್ರು. ಒಂದೂರಲ್ಲಿ ಪಿಯಾನೋ ಅರ್ಧ ಸ್ವರ ಕೆಳಗಿತ್ತು ಅಂತ ಬೀಥೋವನ್ ಸೊನಾಟಾನ (ಒಂದೆರಡು ವಾದ್ಯಕ್ಕೆ ಬರೆಯೋ, ಕೆಲವು ಭಾಗಗಳ ಕೃತಿ) ಅಲ್ಲೇ ಕೂತ ಜಾಗದಲ್ಲೇ ಅರ್ಧ ಸ್ವರ ಮೇಲೆತ್ತಿ ನುಡಿಸಿಬಿಟ್ರಂತೆ, ಅಷ್ಟು ತಯಾರಿ ಇತ್ತು ಆ ಹುಡುಗನಿಗೆ. ಈ ಪ್ರಯಾಣದಲ್ಲೇ ಜೋಸೆಫ್ ಯೋಆಖಿಮ್ ಅನ್ನೋ ಮಹಾ ವಯೊಲಿನ್ ವಾದಕನ ಸ್ನೇಹ ಆಯ್ತು. ಯೋಆಖಿಮ್ ಒತ್ತಾಯದಿಂದಲೇ ಡ್ಯೂಸೆಲ್ಡಾರ್ಫ್‌ಗೆ ಹೋಗಿ ಆಗಲೇ ಹೆಸರಾಗಿದ್ದ ಸಂಗೀತಕಾರ ರಾಬರ್ಟ್ ಶೂಮನ್ ಮನೆ ಬಾಗಿಲು ತಟ್ಟಿದ್ದು, ಸೆಪ್ಟೆಂಬರ್ ಕೊನೇಲಿ. ಬ್ರಾಮ್ಸ್ ತಾವು ಬರೆದಿದ್ದನ್ನ ನುಡಿಸೋಕೆ ಶುರು ಮಾಡಿದ್ರು, ಶೂಮನ್ ತಡೆದು ಹೆಂಡತಿ ಕ್ಲಾರಾನ ಕರ್ಕೊಂಡು ಬಂದು ಕೂರಿಸಿದ್ರು. ಕ್ಲಾರಾ ಆಗ ಯೂರೋಪಿನ ದೊಡ್ಡ ಪಿಯಾನೋ ಕಲಾವಿದರಲ್ಲಿ ಒಬ್ರು, ಸ್ವತಃ ಸಂಗೀತ ಬರೀತಿದ್ರು.

ಅಕ್ಟೋಬರ್ 28ಕ್ಕೆ ಶೂಮನ್ ಲೇಖನ ಅಚ್ಚಾಯ್ತು, ತಾವೇ ಹುಟ್ಟುಹಾಕಿದ್ದ ಸಂಗೀತ ಪತ್ರಿಕೆಯಲ್ಲಿ. ಈ ಕಾಲಕ್ಕೆ ಬೇಕಾಗಿದ್ದವನು ಬಂದಿದಾನೆ ಅನ್ನೋ ಧಾಟಿ. ಒಂದು ಪುಟನೂ ಅಚ್ಚಾಗದ 20 ವರ್ಷದ ಹುಡುಗನ ಬಗ್ಗೆ ಹೀಗೆ ಬರೆದ್ರೆ ಏನಾಗುತ್ತೆ ಹೇಳಿ? ಪ್ರಕಾಶಕರು ಸಿಕ್ಕಿದ್ರು, ಆ ವರ್ಷದ ಕೊನೆಗೇ ಸೊನಾಟಾಗಳು ಅಚ್ಚಾದ್ವು, ಇದು ಲಾಭ. ನಷ್ಟ ಏನಂದ್ರೆ ಇನ್ಮುಂದೆ ಏನು ಬರೆದ್ರೂ ಜನ ಆ ಲೇಖನದ ಪಕ್ಕ ಇಟ್ಟು ಅಳೆಯೋರು. ಬ್ರಾಮ್ಸ್‌ಗೆ ಇದು ಚೆನ್ನಾಗಿ ಗೊತ್ತಿತ್ತು, ಶೂಮನ್‌ಗೆ ಬರೆದ ಪತ್ರದಲ್ಲೇ ಈ ಹೊಗಳಿಕೆಯಿಂದ ಜನರ ನಿರೀಕ್ಷೆ ಎಷ್ಟು ಜಾಸ್ತಿ ಆಗಿದೆ ಅಂದ್ರೆ ಅದನ್ನ ಹೇಗೆ ತುಂಬಿಕೊಡ್ಲಿ ಅಂತ ಅಳುಕು ತೋಡ್ಕೊಂಡಿದಾರೆ.

ಪ್ರಶ್ನೆ: ಬ್ರಾಮ್ಸ್ ಮತ್ತು ಕ್ಲಾರಾ ನಡುವೆ ಪ್ರೀತಿ ಇತ್ತಾ? ಹಾಗಿದ್ರೆ ಮದುವೆ ಯಾಕಾಗ್ಲಿಲ್ಲ?

ಪ್ರೀತಿ ಇತ್ತು, ಬ್ರಾಮ್ಸ್ ಕಡೆಯಿಂದ ಇದ್ದಿದ್ದಂತೂ ಪತ್ರಗಳಲ್ಲೇ ಕಾಣುತ್ತೆ. 1854ರ ಫೆಬ್ರವರಿ 27ರಂದು ಶೂಮನ್ ಮಾನಸಿಕ ಕಾಯಿಲೆ ಜೋರಾಗಿ ರೈನ್ ನದಿಗೆ ಹಾರಿದ್ರು, ದೋಣಿಯವರು ಉಳಿಸಿದ್ರು, ಆಮೇಲೆ ಬಾನ್ ಹತ್ರದ ಎಂಡೆನಿಖ್ ಆಸ್ಪತ್ರೆಗೆ ಸೇರಿಸಿದ್ರು. ಕ್ಲಾರಾ ಆಗ ಬಸುರಿ, ಮನೆ ತುಂಬ ಮಕ್ಕಳು. ಸುದ್ದಿ ಕೇಳಿದ ಕೂಡ್ಲೇ ಬ್ರಾಮ್ಸ್ ಡ್ಯೂಸೆಲ್ಡಾರ್ಫ್‌ಗೆ ಓಡಿ ಬಂದ್ರು. ಕ್ಲಾರಾ ದುಡಿಮೆಗಾಗಿ ಕಚೇರಿಗಳಿಗೆ ಊರೂರು ಹೋದಾಗ ಮಕ್ಕಳನ್ನ ನೋಡ್ಕೊಂಡ್ರು, ಮನೆ ಖರ್ಚಿನ ಲೆಕ್ಕದ ಪುಸ್ತಕನೂ ಇವರೇ ಬರೆದ್ರು. ಡಾಕ್ಟರುಗಳು ಕ್ಲಾರಾನ ಗಂಡನ್ನ ನೋಡೋಕೆ ಬಿಡ್ತಿರ್ಲಿಲ್ಲ, ಬ್ರಾಮ್ಸ್ ಹೋಗಿ ನೋಡ್ಕೊಂಡು ಬಂದು ಹೇಳೋರು. ಎರಡೂವರೆ ವರ್ಷ ಹೀಗೇ ನಡೀತು, ಕೊನೆಗೆ ಕ್ಲಾರಾ ಗಂಡನ್ನ ನೋಡಿದ್ದು ಸಾಯೋಕೆ ಎರಡು ದಿನ ಮುಂಚೆ. ಶೂಮನ್ ತೀರಿಕೊಂಡಿದ್ದು 1856ರ ಜುಲೈ 29.

ಆಮೇಲೆ ಅಡ್ಡಿ ಏನೂ ಇರ್ಲಿಲ್ಲ, ಆದ್ರೂ ಇಬ್ರೂ ಬೇರೆ ಬೇರೆ ದಾರಿ ಹಿಡಿದ್ರು. 14 ವರ್ಷದ ಅಂತರ, ಅಷ್ಟು ಮಕ್ಕಳು, ಕ್ಲಾರಾಗೆ ತನ್ನದೇ ಆದ ದೊಡ್ಡ ವೃತ್ತಿ ಇತ್ತು, ಇದೆಲ್ಲ ಕಾರಣ ಅಂತ ಜನ ಹೇಳ್ತಾರೆ. ಮುಂದೆ ಇಬ್ರೂ ಮಾತಾಡ್ಕೊಂಡು ಹಳೇ ಪತ್ರಗಳನ್ನ ವಾಪಸ್ ಕೊಟ್ಕೊಂಡು ಬಹಳಷ್ಟನ್ನ ನಾಶ ಮಾಡಿದ್ರು. ಅವರೇ ಬೇಡ ಅಂತ ಮುಚ್ಚಿದ ಬಾಗಿಲನ್ನ ನಾವು ಕೆದಕೋದು ಬೇಡ ಅನ್ನೋದು ನನ್ನ ಅಭಿಪ್ರಾಯ. ಗೊತ್ತಿರೋದು ಇಷ್ಟು: ಮುಂದಿನ 40 ವರ್ಷ ಬ್ರಾಮ್ಸ್ ಹೊಸದೇನೇ ಬರೆದ್ರೂ ಮೊದಲು ತೋರಿಸೋರಲ್ಲಿ ಕ್ಲಾರಾ ಒಬ್ರು, ಅವರು ಚೆನ್ನಾಗಿಲ್ಲ ಅಂದಿದ್ದನ್ನ ಎಷ್ಟೋ ಸಲ ತಿದ್ದಿದ್ರು. ಮಧ್ಯೆ 1858ರಲ್ಲಿ ಗೊಟ್ಟಿಂಗೆನ್‌ನಲ್ಲಿ ಅಗಾಥೆ ಫಾನ್ ಸೀಬೋಲ್ಡ್ ಅನ್ನೋ ಹಾಡುಗಾತಿ ಜೊತೆ ಉಂಗುರ ಬದಲಾಯಿಸ್ಕೊಳ್ಳೋ ತನಕ ಹೋಗಿ ಬ್ರಾಮ್ಸ್ ಹಿಂದೆ ಸರಿದ್ರು, ಅದು ಅವರದ್ದೇ ತಪ್ಪು, ಆ ಹೆಣ್ಣುಮಗಳಿಗೆ ತುಂಬ ನೋವಾಯ್ತು. ಅವಳ ಹೆಸರಿನ ಅಕ್ಷರಗಳನ್ನ ಸ್ವರಗಳಾಗಿ ಮಾಡಿ ಆರು ತಂತಿವಾದ್ಯಗಳಿಗೆ ಬರೆದ ಎರಡನೇ ಸೆಕ್ಸ್‌ಟೆಟ್‌ನಲ್ಲಿ ಸೇರಿಸಿದಾರೆ. ಮದುವೆ ಕೊನೆವರೆಗೂ ಆಗ್ಲಿಲ್ಲ.

ಪ್ರಶ್ನೆ: ಮೊದಲ ಸಿಂಫನಿ ಮುಗಿಸೋಕೆ 20 ವರ್ಷಕ್ಕೂ ಜಾಸ್ತಿ ಬೇಕಾಯ್ತು ಅಂತಾರೆ. ಅಷ್ಟೊಂದು ಭಯನಾ ಬೀಥೋವನ್ ಬಗ್ಗೆ?

ಈ ಪ್ರಶ್ನೆ ತುಂಬಾ ಜನ ಕೇಳಿದೀರಿ, ನನಗೂ ಇದೇ ಇಷ್ಟ, ಸ್ವಲ್ಪ ಉದ್ದ ಉತ್ತರ ಕೊಡ್ತೀನಿ. ಸಿಂಫನಿ ಅಂದ್ರೆ ಇಡೀ ವಾದ್ಯವೃಂದಕ್ಕೆ ಬರೆಯೋ, ಸಾಮಾನ್ಯವಾಗಿ ನಾಲ್ಕು ಭಾಗಗಳ ದೊಡ್ಡ ಕೃತಿ.

ಭಯ ಇತ್ತು, ಇಲ್ಲ ಅಂತ ಹೇಳಲ್ಲ. ಹಿಂದಿನಿಂದ ಅಂಥ ದೈತ್ಯನ ಹೆಜ್ಜೆ ಸಪ್ಪಳ ಕೇಳ್ತಾ ಇದ್ರೆ ಹೇಗಿರುತ್ತೆ ನಿಮಗೇನು ಗೊತ್ತು ಅಂತ ವಾದ್ಯವೃಂದ ನಡೆಸೋ ಕಂಡಕ್ಟರ್ ಹರ್ಮನ್ ಲೇವಿ ಹತ್ರ ಬ್ರಾಮ್ಸ್ ಹೇಳಿದ್ರು ಅನ್ನೋದು ಪ್ರಸಿದ್ಧ ಮಾತು. ಆದ್ರೆ ಎಲ್ಲದಕ್ಕೂ ಈ ಒಂದು ಮಾತು ಹಿಡ್ಕೊಂಡು, ಪಾಪ ಹೆದ್ರಿಕೊಂಡು 20 ವರ್ಷ ಸುಮ್ನೆ ಕೂತಿದ್ರು ಅಂತ ಬರೆಯೋದಿದೆಯಲ್ಲ, ಅದು ನನಗೆ ಒಪ್ಪಿಗೆ ಇಲ್ಲ. ಆ 20 ವರ್ಷದಲ್ಲಿ ಏನೇನಾಯ್ತು ನೋಡಿ.

1854ರಲ್ಲೇ ಎರಡು ಪಿಯಾನೋಗೆ ಅಂತ ಒಂದು ಸೊನಾಟಾ ಬರೆಯೋಕೆ ಹೊರಟ್ರು, ಸಾಲ್ದು ಅನಿಸಿ ಅದನ್ನೇ ಸಿಂಫನಿ ಮಾಡೋಕೆ ನೋಡಿದ್ರು, ಆರ್ಕೆಸ್ಟ್ರಾಗೆ ಬರೆಯೋದು ಇನ್ನೂ ಕೈಗೆ ಹತ್ತಿರ್ಲಿಲ್ಲ, ಕೊನೆಗೆ ಅದು ಡಿ ಮೈನರ್ ಪಿಯಾನೋ ಕಂಚೆರ್ಟೋ ಆಯ್ತು. 1859ರ ಜನವರಿ 22ಕ್ಕೆ ಹ್ಯಾನೋವರ್‌ನಲ್ಲಿ ಮೊದಲ ಸಲ ಪರವಾಗಿಲ್ಲ ಅನ್ನೋ ಹಾಗೆ ಹೋಯ್ತು, ಐದು ದಿನ ಬಿಟ್ಟು ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ಅನ್ನೋ ಸಂಗೀತ ಸಭಾಂಗಣದಲ್ಲಿ ಜನ ಹಿಸ್ ಅಂತ ಸದ್ದು ಮಾಡಿ ಅವಮಾನ ಮಾಡಿದ್ರು. ಚಪ್ಪಾಳೆ ತಟ್ಟೋಕೆ ಹೋದ ಎರಡು ಮೂರು ಜನರ ಕೈಯೂ ಅಲ್ಲೇ ನಿಂತ್ವು. ಅಂಥ ದಿನ ಬೇರೆ ಯಾರಾದ್ರೂ ಮಂಕಾಗ್ತಿದ್ರು, ಬ್ರಾಮ್ಸ್ ಯೋಆಖಿಮ್‌ಗೆ ಬರೆದ ಪತ್ರದಲ್ಲಿ ಇದು ಪೂರ್ತಿ ಸೋಲು ಅಂತ ನೇರವಾಗಿ ಒಪ್ಕೊಂಡು, ನಾನಿನ್ನೂ ಪ್ರಯೋಗ ಮಾಡ್ತಾ ದಾರಿ ಹುಡುಕ್ತಾ ಇದೀನಿ, ಆದ್ರೂ ಆ ಹಿಸ್ ಸ್ವಲ್ಪ ಜಾಸ್ತಿಯಾಯ್ತು ಅಂತ ಬರೆದ್ರು. 25 ವರ್ಷದ ಹುಡುಗ!

ಆಮೇಲೆ ದಾರಿ ಹುಡುಕಿದ ಕ್ರಮ ನೋಡಿ. ಡೆಟ್ಮೋಲ್ಡ್ ಅನ್ನೋ ಸಣ್ಣ ರಾಜಮನೆತನದ ಊರಲ್ಲಿ ವರ್ಷಕ್ಕೆ ಕೆಲವು ತಿಂಗಳ ಕೆಲಸ ಸಿಕ್ಕಿತ್ತು, ಅಲ್ಲಿದ್ದ ವಾದ್ಯವೃಂದ ಕೇಳ್ಕೊಂಡು ಎರಡು ಸೆರಿನೇಡ್ (ಸಿಂಫನಿಗಿಂತ ಹಗುರಾದ ವಾದ್ಯವೃಂದದ ಕೃತಿ) ಬರೆದ್ರು. ಹ್ಯಾಂಬರ್ಗ್‌ನಲ್ಲಿ ಹೆಂಗಸರ ಗಾಯನವೃಂದ ಕಟ್ಟಿ ನಡೆಸಿ ಧ್ವನಿಗಳಿಗೆ ಬರೆಯೋದು ಕಲಿತ್ರು. 1862ರಲ್ಲಿ ಇದೇ ಮೊದಲ ಸಿಂಫನಿಯ (ಸಿ ಮೈನರ್) ಮೊದಲ ಭಾಗ ಬರೆದು ಕ್ಲಾರಾಗೆ ಕಳಿಸಿದ್ರು, ಈಗ ನಾವು ಕೇಳೋ ಆ ಡಂ ಡಂ ಅನ್ನೋ ಟಿಂಪನಿಯ (ದೊಡ್ಡ ನಗಾರಿ) ನಿಧಾನ ಆರಂಭ ಆಗ ಇರ್ಲಿಲ್ಲ. 1868ರ ಸೆಪ್ಟೆಂಬರ್ 12ಕ್ಕೆ ಸ್ವಿಟ್ಜರ್‌ಲೆಂಡ್‌ನಿಂದ ಕ್ಲಾರಾಗೆ ಹುಟ್ಟುಹಬ್ಬದ ಶುಭಾಶಯದ ಜೊತೆ ಒಂದು ಆಲ್ಪ್ಸ್ ಬೆಟ್ಟದ ಕೊಂಬಿನ ರಾಗ ಬರೆದು ಕಳಿಸಿದ್ರು, ಅದೇ ಎಂಟು ವರ್ಷ ಆದ್ಮೇಲೆ ಸಿಂಫನಿಯ ಕೊನೇ ಭಾಗದಲ್ಲಿ ಹಾರ್ನಿನಲ್ಲಿ ಬರುತ್ತೆ, ಅಷ್ಟೊತ್ತು ಕತ್ತಲೆಯಲ್ಲಿ ನಡೆದು ಬಂದ ಸಂಗೀತಕ್ಕೆ ಅಲ್ಲಿ ಒಮ್ಮೆಗೇ ಬೆಳಕು ಬೀಳುತ್ತೆ, ಎಷ್ಟು ಸಲ ಕೇಳಿದ್ರೂ ಮೈ ಜುಂ ಅನ್ನುತ್ತೆ ನನಗೆ. 1873ರಲ್ಲಿ ಹೈಡನ್ ಹೆಸರಿನ ರಾಗದ ಮೇಲೆ ವೇರಿಯೇಶನ್ಸ್ (ಒಂದೇ ರಾಗವನ್ನ ಬೇರೆ ಬೇರೆ ತರ ಬದಲಾಯಿಸ್ತಾ ಹೋಗೋದು) ಬರೆದು ಆರ್ಕೆಸ್ಟ್ರಾ ಪೂರ್ತಿ ತಮ್ಮ ಕೈಗೆ ಬಂದಿದೆ ಅಂತ ತೋರಿಸಿದ್ರು. ಅದೇ ವರ್ಷ ನಾಲ್ಕು ತಂತಿವಾದ್ಯಗಳಿಗೆ ಬರೆದ ಮೊದಲ ಎರಡು ಕ್ವಾರ್ಟೆಟ್ ಅಚ್ಚಿಗೆ ಕೊಟ್ರು, ಅದಕ್ಕೂ ಮುಂಚೆ ಸುಮಾರು 20 ಕ್ವಾರ್ಟೆಟ್ ಬರೆದು ಎಲ್ಲ ಹಾಳುಮಾಡಿದ್ದಾಗಿ ಅವರೇ ಹೇಳ್ಕೊಂಡಿದಾರೆ. ಯೋಚನೆ ಮಾಡಿ, 20! ಒಂದೂ ಉಳೀಲಿಲ್ಲ.

ಕೊನೆಗೆ 1876ರ ನವೆಂಬರ್ 4ರಂದು ಕಾರ್ಲ್ಸ್‌ರೂಹೆಯಲ್ಲಿ ಓಟ್ಟೋ ಡೆಸ್ಸಾಫ್ ನಿರ್ದೇಶನದಲ್ಲಿ ಮೊದಲ ಸಿಂಫನಿ ಹೊರಬಂತು. ಬ್ರಾಮ್ಸ್‌ಗೆ 43 ವರ್ಷ. ಕಂಡಕ್ಟರ್ ಹಾನ್ಸ್ ಫಾನ್ ಬ್ಯೂಲೋ ಅದನ್ನ ಬೀಥೋವನ್ನನ 'ಹತ್ತನೇ ಸಿಂಫನಿ' ಅಂತ ಕರೆದ್ರು (ಬೀಥೋವನ್ ಬರೆದಿದ್ದು ಒಂಬತ್ತೇ). ಕೊನೇ ಭಾಗದ ದೊಡ್ಡ ರಾಗ ಬೀಥೋವನ್ ಒಂಬತ್ತನೇದರ ತರಾನೇ ಇದೆಯಲ್ಲ ಅಂತ ಯಾರೋ ಅಂದಾಗ ಬ್ರಾಮ್ಸ್, ಅದು ಯಾವ ಕತ್ತೆಗಾದ್ರೂ ಗೊತ್ತಾಗುತ್ತೆ ಅಂದ್ರಂತೆ. ಅಂದ್ರೆ ಕದ್ದಿದ್ದೂ ಅಲ್ಲ, ಗೊತ್ತಿಲ್ದೆ ಬಂದಿದ್ದೂ ಅಲ್ಲ, ಬೇಕಂತಲೇ ಎಲ್ಲರಿಗೂ ಕಾಣೋ ಹಾಗೆ ಇಟ್ಟಿದ್ದು.

ಎರಡನೇ ಸಿಂಫನಿ? ಮುಂದಿನ ವರ್ಷದ ಒಂದೇ ಬೇಸಿಗೆಯಲ್ಲಿ, ಪೋರ್ಟ್‌ಶಾಖ್ ಅನ್ನೋ ಕೆರೆ ದಂಡೆ ಊರಲ್ಲಿ ಬರೆದು ಮುಗಿಸಿದ್ರು. ಹೆದರಿ ಕೂತಿದ್ದ ಮನುಷ್ಯ ಹಾಗೆ ಮಾಡೋಕಾಗಲ್ಲ, ಅಷ್ಟು ವರ್ಷ ಕೆಲಸ ಕಲಿತಿದ್ದವರು ಮಾತ್ರ ಮಾಡ್ತಾರೆ.

ಪ್ರಶ್ನೆ: ಒಪೆರಾ ಬರೆದ ವಾಗ್ನರ್ ಹೊಸಬರ ಪಕ್ಷ, ಬ್ರಾಮ್ಸ್ ಹಳಬರ ಪಕ್ಷ ಅಂತ ದೊಡ್ಡ ಜಗಳ ನಡೀತಂತೆ?

ಜಗಳ ಆಗಿದ್ದು ಹೌದು, ಅದರಲ್ಲಿ ಅಭಿಮಾನಿಗಳು, ವಿಮರ್ಶಕರು ಮಾಡಿದ ಗಲಾಟೆನೇ ಜಾಸ್ತಿ. 1860ರಲ್ಲಿ ಪಿಯಾನೋ ವಾದಕ, ಸಂಗೀತಕಾರ ಲಿಸ್ಟ್ ಬಳಗದ 'ಹೊಸ ಜರ್ಮನ್' ಪಂಥದ (ವಾಗ್ನರ್ ಕೂಡ ಇದೇ ಕಡೆಯವರು) ವಿರುದ್ಧ ಬ್ರಾಮ್ಸ್, ಯೋಆಖಿಮ್ ಸೇರಿ ಒಂದು ಹೇಳಿಕೆ ತಯಾರು ಮಾಡಿದ್ರು, ಇನ್ನೂ ಸಹಿ ಸಂಗ್ರಹ ಮಾಡ್ತಿರೋವಾಗಲೇ ಅದು ಪತ್ರಿಕೆಗೆ ಸೋರಿ ನಾಲ್ಕೇ ಸಹಿ ಜೊತೆ ಅಚ್ಚಾಗಿ ನಗೆಪಾಟಲಾಯ್ತು. ಆಮೇಲೆ ಬ್ರಾಮ್ಸ್ ಇಂಥದ್ದಕ್ಕೆ ಕೈ ಹಾಕ್ಲಿಲ್ಲ. 1864ರಲ್ಲಿ ವಿಯೆನ್ನಾ ಹತ್ರ ವಾಗ್ನರ್ ಮನೆಗೇ ಹೋಗಿ ಹಳೇ ಸಂಗೀತಕಾರ ಹೆಂಡೆಲ್ ರಾಗದ ಮೇಲೆ ತಾವು ಬರೆದ ವೇರಿಯೇಶನ್ಸ್ ನುಡಿಸಿದ್ರು, ಹಳೇ ರೂಪಗಳಲ್ಲಿ ಕೈ ಪಳಗಿದವನಿಗೆ ಇನ್ನೂ ಏನೇನು ಮಾಡಬಹುದು ನೋಡಿ ಅಂತ ವಾಗ್ನರ್ ಮೆಚ್ಚಿದ್ರಂತೆ. ಮುಂದೆ ವಾಗ್ನರ್ ಬ್ರಾಮ್ಸ್ ಬಗ್ಗೆ ಕೆಟ್ಟದಾಗೇ ಬರೆದ್ರು, ಬ್ರಾಮ್ಸ್ ಮಾತ್ರ ವಾಗ್ನರ್ ಸ್ಕೋರುಗಳನ್ನ (ಸ್ವರಲಿಪಿಯ ಪುಸ್ತಕ) ಶ್ರದ್ಧೆಯಿಂದ ಓದ್ತಿದ್ರು.

ಹಳಬರ ಪಕ್ಷ ಅನ್ನೋದಕ್ಕೆ ಒಂದೇ ಮಾತು. 20ನೇ ಶತಮಾನದಲ್ಲಿ ಸಂಗೀತದ ವ್ಯಾಕರಣವನ್ನೇ ಬದಲಾಯಿಸಿದ ಆರ್ನಾಲ್ಡ್ ಶೋನ್‌ಬರ್ಗ್ ಬ್ರಾಮ್ಸ್ ಒಬ್ಬ ಪ್ರಗತಿಪರ ಅಂತ 1933ರಲ್ಲಿ ಉಪನ್ಯಾಸವನ್ನೇ ಕೊಟ್ರು. ಒಂದು ಸಣ್ಣ ಸ್ವರಗುಚ್ಛ ತಗೊಂಡು ಅದನ್ನ ಪ್ರತಿ ಹೆಜ್ಜೆಗೂ ಸ್ವಲ್ಪ ಸ್ವಲ್ಪ ಬದಲಾಯಿಸ್ತಾ ಇಡೀ ಕೃತಿ ಬೆಳೆಸೋ ವಿದ್ಯೆ ಬ್ರಾಮ್ಸ್‌ದು, ಶೋನ್‌ಬರ್ಗ್ ಹಿಡಿದಿದ್ದು ಅದನ್ನ. ಹೊರಗಿನ ಮನೆ ಹಳೇದು, ಒಳಗಿನ ಕಟ್ಟಡ ಪೂರ್ತಿ ಹೊಸದು.

ಪ್ರಶ್ನೆ: ಹಂಗೇರಿಯನ್ ಡಾನ್ಸ್ ನಂ. 5 ಬ್ರಾಮ್ಸ್ ರಾಗ ಅಲ್ವಂತೆ? ಆ ಫೇಮಸ್ ಜೋಗುಳನಾದ್ರೂ ಅವರದ್ದೇ ತಾನೇ?

ಜೋಗುಳ ಅವರದ್ದೇ. 1868ರಲ್ಲಿ, ಹ್ಯಾಂಬರ್ಗಿನ ಗಾಯನವೃಂದದಲ್ಲಿದ್ದ ಗೆಳತಿ ಬೆರ್ತಾ ಫಾಬರ್‌ಗೆ ಮಗು ಹುಟ್ಟಿದಾಗ ಬರೆದಿದ್ದು. ಅವಳು ಮುಂಚೆ ಹಾಡ್ತಿದ್ದ ಒಂದು ಹಾಡಿನ ಎಳೆಯನ್ನ ಪಿಯಾನೋ ಭಾಗದಲ್ಲಿ ಬಚ್ಚಿಟ್ಟಿದಾರೆ. ನಂ. 5ರ ರಾಗ ಮಾತ್ರ ಬೇಲಾ ಕೇಲರ್ ಬರೆದ ಒಂದು ಚಾರ್ದಾಶ್‌ನಿಂದ (ಹಂಗೇರಿಯ ಕುಣಿತದ ಸಂಗೀತ) ಬಂದಿದ್ದು, ಜನಪದ ರಾಗ ಅಂದ್ಕೊಂಡು ತಗೊಂಡ್ರು. 1869ರಲ್ಲಿ ಹಂಗೇರಿಯನ್ ಡಾನ್ಸ್‌ಗಳ ಮೊದಲ ಎರಡು ಪುಸ್ತಕ ಬಂದಾಗ ರೆಮೆನ್ಯಿ ಕಡೆಯವರು ಕಳ್ಳತನ ಅಂತ ಕೂಗಾಡಿದ್ರು, ಆದ್ರೆ ಬ್ರಾಮ್ಸ್ ಅವಕ್ಕೆ ತಮ್ಮ ಕೃತಿ ಸಂಖ್ಯೆ ಹಾಕಿರ್ಲೇ ಇಲ್ಲ, ಅಳವಡಿಕೆ ಅಂತಲೇ ಕೊಟ್ಟಿದ್ರು.

ಪ್ರಶ್ನೆ: 'ಜರ್ಮನ್ ರೆಕ್ವಿಯೆಮ್' ಚರ್ಚಿನ ಸಂಗೀತನಾ? ಧರ್ಮ ಗೊತ್ತಿಲ್ದವರು ಕೇಳಿದ್ರೆ ಅರ್ಥ ಆಗುತ್ತಾ?

ಖಂಡಿತ ಆಗುತ್ತೆ. ಸಾಮಾನ್ಯವಾಗಿ ರೆಕ್ವಿಯೆಮ್ ಅಂದ್ರೆ ಸತ್ತವರ ಆತ್ಮಕ್ಕೆ ಶಾಂತಿ ಸಿಗ್ಲಿ ಅಂತ ಲ್ಯಾಟಿನ್‌ನಲ್ಲಿ ಮಾಡೋ ಪೂಜೆಯ ಪಠ್ಯ. ಬ್ರಾಮ್ಸ್ ಅದನ್ನ ಬಿಟ್ಟು ಲೂಥರ್‌ನ ಜರ್ಮನ್ ಬೈಬಲ್ಲಿಂದ ತಾವೇ ಸಾಲುಗಳನ್ನ ಆರಿಸಿ, ಉಳಿದು ದುಃಖ ಪಡೋರಿಗೆ ಸಮಾಧಾನ ಹೇಳೋ ಕೃತಿ ಮಾಡಿದ್ರು. 1865ರ ಫೆಬ್ರವರಿಯಲ್ಲಿ ಅಮ್ಮ ತೀರಿಕೊಂಡಿದ್ರು, ಅದಾದ ಮೇಲೇ ಕೆಲಸ ಜೋರಾಗಿ ನಡೆದಿದ್ದು. 1867ರ ಡಿಸೆಂಬರ್‌ನಲ್ಲಿ ವಿಯೆನ್ನಾದಲ್ಲಿ ಮೊದಲ ಮೂರು ಭಾಗ ಹಾಡಿಸಿದಾಗ ಟಿಂಪನಿಯವನು ಜೋರಾಗಿ ಬಾರಿಸಿ ಮೂರನೇ ಭಾಗದ ಕೊನೆ ಕೇಳಿಸದಂತೆ ಮಾಡಿಬಿಟ್ಟ. ಆದ್ರೆ 1868ರ ಏಪ್ರಿಲ್ 10, ಗುಡ್ ಫ್ರೈಡೇ ದಿನ ಬ್ರೆಮೆನ್ ಕೆಥೆಡ್ರಲ್‌ನಲ್ಲಿ ಬ್ರಾಮ್ಸ್ ಅವರೇ ನಿಂತು ನಡೆಸಿದ್ದು ದೊಡ್ಡ ಗೆಲುವು, ಅಪ್ಪ ಬಂದಿದ್ರು, ಕ್ಲಾರಾ ಬಂದಿದ್ರು. ಕ್ರಿಸ್ತನ ಹೆಸರೇ ಇಲ್ವಲ್ಲ ಅಂತ ಅಲ್ಲಿನ ಸಂಗೀತ ನಿರ್ದೇಶಕ ರೈಂಥಾಲರ್ ಮೊದಲೇ ಪತ್ರದಲ್ಲಿ ಕೇಳಿದ್ರು, ಬ್ರಾಮ್ಸ್ ಒಂದು ಸಾಲನ್ನೂ ಬದಲಾಯಿಸ್ಲಿಲ್ಲ, ಕೊನೆಗೆ ಆ ದಿನ ಹೆಂಡೆಲ್‌ನ 'ಮೆಸಾಯಾ'ದಿಂದ ಒಂದು ಹಾಡು ಸೇರಿಸಿ ಹಾಡಿಸಿದ್ರು. ಸೊಪ್ರಾನೋ (ಎತ್ತರದ ಹೆಣ್ಣುಧ್ವನಿ) ಹಾಡೋ ಐದನೇ ಭಾಗವನ್ನ ಅದಾದ ಮೇಲೆ ಸೇರಿಸಿ ಏಳು ಭಾಗದ ಪೂರ್ತಿ ಕೃತಿ 1869ರ ಫೆಬ್ರವರಿ 18ಕ್ಕೆ ಲೈಪ್‌ಜಿಗ್‌ನಲ್ಲಿ ಆಯ್ತು. ಹತ್ತು ವರ್ಷದ ಹಿಂದೆ ಹಿಸ್ ಮಾಡಿದ ಅದೇ ಗೆವಾಂಡ್‌ಹೌಸ್.

ಪ್ರಶ್ನೆ: ಕೊನೆಗಾಲದಲ್ಲಿ ಬರೆಯೋದು ನಿಲ್ಲಿಸಿಬಿಟ್ಟಿದ್ರಾ? ಸ್ವಭಾವ ಒರಟು ಅಂತ ಕೇಳಿದೀನಿ.

ಮಾತು ಒರಟು, ಕೈ ಧಾರಾಳ. ವಿಯೆನ್ನಾದ ಕಾರ್ಲ್ಸ್‌ಗಾಸೆ 4ನೇ ನಂಬರಿನ ಬಾಡಿಗೆ ಮನೇಲಿ 25 ವರ್ಷ ಇದ್ರು, ಕೃತಿಗಳಿಂದ ಬಂದ ದುಡ್ಡಲ್ಲಿ ಸಂಬಂಧಿಕರಿಗೆ, ಕಷ್ಟದಲ್ಲಿದ್ದ ಸಂಗೀತಗಾರರಿಗೆ ಕೊಟ್ಟಿದ್ದೇ ಜಾಸ್ತಿ. ಚೆಕ್ ಸಂಗೀತಕಾರ ದ್ವೊರ್ಜಾಕ್ ಹೆಸರು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ, 1877ರಲ್ಲಿ, ತಮ್ಮ ಪ್ರಕಾಶಕ ಸಿಮ್‌ರಾಕ್‌ಗೆ ಬರೆದು ಅವರ ಕೃತಿ ಅಚ್ಚು ಹಾಕಿಸಿದ್ದು ಬ್ರಾಮ್ಸ್, ಆಮೇಲೆ ದ್ವೊರ್ಜಾಕ್ ಅಮೆರಿಕಾದಲ್ಲಿದ್ದಾಗ ಅವರ ಸ್ಕೋರುಗಳ ಕರಡು ತಿದ್ದೋ ಕೆಲಸನೂ ಮಾಡಿಕೊಟ್ರು. ಅಷ್ಟು ದೊಡ್ಡ ಹೆಸರು ಮಾಡಿದವರು ಇನ್ನೊಬ್ಬರ ಪ್ರೂಫ್ ನೋಡೋದು ಅಂದ್ರೆ ಸಣ್ಣ ಮಾತಲ್ಲ.

1890ರಲ್ಲಿ ಇನ್ನು ಸಾಕು ಅಂತ ತೀರ್ಮಾನ ಮಾಡಿದ್ದು ನಿಜ. ಮುಂದಿನ ವರ್ಷ ಮೈನಿಂಗೆನ್ ಊರಲ್ಲಿ ರಿಚರ್ಡ್ ಮ್ಯೂಲ್‌ಫೆಲ್ಡ್ ಅನ್ನೋರ ಕ್ಲಾರಿನೆಟ್ ಕೇಳಿದ್ರು ನೋಡಿ, ತೀರ್ಮಾನ ಎಲ್ಲ ಹೋಯ್ತು. ಆ ಬೇಸಿಗೆಯಲ್ಲೇ ಕ್ಲಾರಿನೆಟ್ ಟ್ರಿಯೋ (ಮೂರು ವಾದ್ಯ), ಕ್ವಿಂಟೆಟ್ (ಐದು ವಾದ್ಯ) ಎರಡೂ ಬಂದ್ವು, 1894ರಲ್ಲಿ ಎರಡು ಸೊನಾಟಾ. 1896ರ ಮೇ ತಿಂಗಳಲ್ಲಿ, ಕ್ಲಾರಾ ಹಾಸಿಗೆ ಹಿಡಿದಿದ್ದಾಗ, 'ನಾಲ್ಕು ಗಂಭೀರ ಗೀತೆಗಳು' ಬರೆದ್ರು. ಕ್ಲಾರಾ ಸತ್ತ ಮೇಲೆ ಬರೆದಿದ್ದು ಅಂತ ಕೆಲವು ಕಡೆ ಓದ್ತೀರಿ, ಅದು ತಪ್ಪು, ಅವರು ತೀರಿಕೊಂಡಿದ್ದು ಮೇ 20ಕ್ಕೆ. ಸುದ್ದಿ ತಿಳಿದು ಹೊರಟ ಬ್ರಾಮ್ಸ್ ರೈಲು ತಪ್ಪಿ ಸುತ್ತಾಡಿಕೊಂಡು ಬಾನ್‌ಗೆ ಮಣ್ಣು ಮಾಡೋ ಹೊತ್ತಿಗೆ ಮುಟ್ಟಿದ್ರು. ಆ ವರ್ಷವೇ ಅವರಿಗೂ ಕಾಯಿಲೆ ಕಾಣಿಸ್ತು. 1897ರ ಮಾರ್ಚ್ 7ಕ್ಕೆ ವಿಯೆನ್ನಾದಲ್ಲಿ ಹಾನ್ಸ್ ರಿಕ್ಟರ್ ನಾಲ್ಕನೇ ಸಿಂಫನಿ ನಡೆಸಿದಾಗ ಪ್ರತಿ ಭಾಗ ಮುಗಿದಾಗಲೂ ಜನ ಚಪ್ಪಾಳೆ ನಿಲ್ಲಿಸ್ಲಿಲ್ಲ, ಸೊರಗಿ ಹೋಗಿದ್ದ ಬ್ರಾಮ್ಸ್ ಎದ್ದು ನಿಂತು ನಮಸ್ಕಾರ ಮಾಡಿದ್ರು. ಏಪ್ರಿಲ್ 3ಕ್ಕೆ ತೀರಿಕೊಂಡ್ರು, 63 ವರ್ಷ.

ಪ್ರಶ್ನೆ: ಪಾಶ್ಚಾತ್ಯ ಸಂಗೀತ ಅಭ್ಯಾಸ ಇಲ್ಲದವರು ಬ್ರಾಮ್ಸ್ ಎಲ್ಲಿಂದ ಶುರು ಮಾಡ್ಬೇಕು?

ಸಿಂಫನಿಗಳಿಂದ ಬೇಡ. ಮೊದಲು ಪಿಯಾನೋದ ಸಣ್ಣ ತುಣುಕುಗಳು, ಓಪಸ್ (ಕೃತಿ ಸಂಖ್ಯೆ) 118ರ ಎರಡನೇದು ಕೇಳಿ, ಐದಾರು ನಿಮಿಷ ಅಷ್ಟೇ, ಒಂದು ವಾರ ದಿನಾ ಅದನ್ನೇ ಕೇಳಿದ್ರೂ ಸಾಕು. ಆಮೇಲೆ ಕ್ಲಾರಿನೆಟ್ ಕ್ವಿಂಟೆಟ್, ಅದರ ನಿಧಾನ ಭಾಗದಲ್ಲಿ ಕ್ಲಾರಿನೆಟ್ ಒಂಟಿಯಾಗಿ ಅಲೆದಾಡೋದು ಆಲಾಪ ಕೇಳಿ ಬೆಳೆದ ಕಿವಿಗೆ ತಟ್ಟನೆ ಸಿಗುತ್ತೆ. ಮೂರನೇದಾಗಿ ರೆಕ್ವಿಯೆಮ್‌ನ ನಾಲ್ಕನೇ ಭಾಗ. ಇಷ್ಟಾದ ಮೇಲೆ ಮೊದಲ ಸಿಂಫನಿಗೆ ಬನ್ನಿ, ಕೊನೇ ಭಾಗದಲ್ಲಿ ಆ ಹಾರ್ನ್ ಬರೋ ತನಕ ಮಧ್ಯೆ ನಿಲ್ಲಿಸ್ಬೇಡಿ. ಹಿನ್ನೆಲೆಗೆ ಹಾಕ್ಕೊಂಡು ಬೇರೆ ಕೆಲಸ ಮಾಡೋಕೆ ಇದು ಆಗಲ್ಲ, ಕೂತೇ ಕೇಳ್ಬೇಕು. ಇನ್ನೊಂದು, 1889ರ ಡಿಸೆಂಬರ್‌ನಲ್ಲಿ ಎಡಿಸನ್ ಕಡೆಯವರು ಬ್ರಾಮ್ಸ್ ಪಿಯಾನೋ ನುಡಿಸಿದ್ದನ್ನ ಮೇಣದ ಸಿಲಿಂಡರಿನಲ್ಲಿ ರೆಕಾರ್ಡ್ ಮಾಡಿದ್ರು, ಹಂಗೇರಿಯನ್ ಡಾನ್ಸ್ ನಂ. 1ರ ಒಂದು ಚೂರು, ಅದೂ ಸಿಗುತ್ತೆ, ಬರೀ ಗರಗರ ಸದ್ದು ಅನ್ಸಿದ್ರೂ ಎರಡು ಮೂರು ಸಲ ಕೇಳಿದ್ರೆ ಒಳಗೆ ಆ ಲಯ ಗೊತ್ತಾಗುತ್ತೆ.